ಸತ್ತಿದ್ದು ಬ್ಯಾಟರಿಯಲ್ಲ: ಕ್ಯಾರವಾನ್ ಸೋಲಾರ್ ಅಳೆದು ನೋಡಿದ್ದು

"ಬ್ಯಾಟರಿ ಹೋಗಿದೆ, ಹೊಸದು ಹಾಕ್ಸಿ" ಅಂದವರು ಮೂವರು. ಗಾಡಿ, ಟೆಂಪೋ ಟ್ರಾವೆಲರ್‌ನಿಂದ ಮಾಡಿದ ಸೆಕೆಂಡ್ ಹ್ಯಾಂಡ್ ಕ್ಯಾರವಾನ್. ಮೇಲೆ 72 ಸೆಲ್ಲಿನ 330 ವ್ಯಾಟ್ ಪ್ಯಾನಲ್, ಸೀಟಿನಡಿ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ (ಆಸಿಡ್ ತುಂಬಿದ್ದು), ನಡುವೆ ಚಾರ್ಜ್ ಕಂಟ್ರೋಲರ್, ‘ಎಂಪಿಪಿಟಿ’ ಅಂತ ಅಚ್ಚು ಹೊಡೆದ ನೀಲಿ ಡಬ್ಬಿ. ಎಂಪಿಪಿಟಿ ಅಂದರೆ ಪ್ಯಾನಲ್‌ನ ಹೆಚ್ಚಿನ ವೋಲ್ಟೇಜನ್ನು ಇಳಿಸಿ, ಬದಲಿಗೆ ಬ್ಯಾಟರಿಗೆ ಹೆಚ್ಚು ಆಂಪಿಯರ್ ಕೊಡುವಂಥದ್ದು. ರಾತ್ರಿ ಎರಡಾದರೆ ಇನ್ವರ್ಟರ್ ಕಿರುಚಾಟ ಶುರು. ಹೊಸ ಬ್ಯಾಟರಿ ಅಂದರೆ ಹದಿನಾರು ಸಾವಿರದ ಆಸುಪಾಸು.

ಮೊದಲ ಎಡವಟ್ಟು ನನ್ನದೇ. ಅರೆಬರೆ ಚಾರ್ಜಾದ ಬ್ಯಾಟರಿಗೇ ಎರಡು ಹೆಡ್‌ಲೈಟ್ ಬಲ್ಬ್ ಕಟ್ಟಿದೆ. ಮೂರು ಗಂಟೆಗೆ ಮಲಗಿತು. ಆ ಟೆಸ್ಟಿಗೆ ಅರ್ಥವಿಲ್ಲ. ಆಮೇಲೆ ಮನೆ ಕರೆಂಟಿನ ಚಾರ್ಜರಿಗೆ ಎರಡು ದಿನ ಹಾಕಿ, ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿದರೆ ಆರೂ ಸೆಲ್ಲು 1220ರಿಂದ 1240ರೊಳಗೆ. ಯಾವುದಾದರೂ ಒಂದು 1150ರಲ್ಲೇ ನಿಂತಿದ್ದರೆ ಗುಜರಿಗೆ ಕೊಡಬಹುದಿತ್ತು. ಮತ್ತೆ ಅದೇ ಬಲ್ಬು, 9 ಆಂಪಿಯರ್: 11.8 ವೋಲ್ಟಿಗೆ ಇಳಿಯಲು ಹತ್ತು ಗಂಟೆಗೂ ಮೇಲೆ ಹಿಡಿಯಿತು. ಇದು ಸತ್ತ ಬ್ಯಾಟರಿಯ ಲಕ್ಷಣವಲ್ಲ. ಹಾಗಿದ್ದರೆ ಅದಕ್ಕೆ ಹೊಟ್ಟೆ ತುಂಬ ಊಟ ಸಿಗುತ್ತಿಲ್ಲ ಅಂತಾಯಿತು.

ಏಪ್ರಿಲ್ ಮಧ್ಯಾಹ್ನ ಅಳೆಯಲು ಕೂತೆ. ಕೈಲಿದ್ದ ಕ್ಲ್ಯಾಂಪ್ ಮೀಟರ್ (ತಂತಿಯನ್ನು ಸುತ್ತ ಹಿಡಿದು ಕರೆಂಟ್ ಅಳೆಯುವುದು) ಎಸಿ ಮಾತ್ರ ಓದುವಂಥದ್ದು; ಸೋಲಾರಿನದು ಡಿಸಿ, ಸೊನ್ನೆ ತೋರಿಸಿತು. ಪ್ಯಾನಲ್ಲೇ ಸತ್ತಿದೆ ಅಂದುಕೊಂಡು ಅರ್ಧ ದಿನ ಹಾಳು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಡಿಸಿ ಓದುವುದನ್ನು ಸುಮಾರು ಎರಡು ಸಾವಿರಕ್ಕೆ ತಂದೆ. ಪ್ಯಾನಲ್ಲಿನ ತಂತಿಯಲ್ಲಿ 8.4 ಆಂಪಿಯರ್, ಬ್ಯಾಟರಿಯ ತಂತಿಯಲ್ಲೂ 8.4. ಎಂಪಿಪಿಟಿ ಆಗಿದ್ದರೆ ಬ್ಯಾಟರಿ ಕಡೆ ಹೆಚ್ಚಿರಬೇಕು, ಅಲ್ಲೇ ಅನುಮಾನ ಬಂತು. ಕಂಟ್ರೋಲರಿನ ಪ್ಯಾನಲ್ ಟರ್ಮಿನಲ್‌ಗೆ ಮೀಟರ್ ಕಡ್ಡಿ ಇಟ್ಟರೆ 14.3 ವೋಲ್ಟ್. ಬಿಸಿಲಲ್ಲಿ ಕಾದ 72 ಸೆಲ್ ಪ್ಯಾನಲ್‌ನಿಂದ ನಿಜವಾದ ಎಂಪಿಪಿಟಿ 32ರ ಹತ್ತಿರ ಕೆಲಸ ತೆಗೆಯಬೇಕು. ಪ್ಯಾನಲ್ ವೋಲ್ಟೇಜು ಬ್ಯಾಟರಿಯ ಮಟ್ಟಕ್ಕೆ ಇಳಿದು ಕೂತಿದೆ ಅಂದರೆ ಡಬ್ಬಿಯೊಳಗೆ ಪಿಡಬ್ಲ್ಯೂಎಂ (ಪ್ಯಾನಲನ್ನು ನೇರ ಬ್ಯಾಟರಿಗೆ ಜೋಡಿಸಿ ಬಿಡಿಸುವ ಬರೀ ಸ್ವಿಚ್ಚು), ಮೇಲಿನದು ಬರೀ ಅಚ್ಚು. 330 ವ್ಯಾಟಿನ ಪ್ಯಾನಲ್‌ನಿಂದ 120 ವ್ಯಾಟ್!

ಮೂವರೂ ಮೀಟರೇ ಸುಳ್ಳು ಅಂದರು. ಅದಕ್ಕೊಂದು ಆಟ ಆಡಿದೆ. ದಪ್ಪ ಕಂಬಳಿಯಿಂದ ಪ್ಯಾನಲ್‌ನ ಉದ್ದಕ್ಕೆ ಆರರಲ್ಲಿ ಎರಡು ಸಾಲು ಮುಚ್ಚಿದೆ. ಆಂಪಿಯರ್ ಅಲುಗಾಡಲಿಲ್ಲ! ಬೈಪಾಸ್ ಡಯೋಡ್ ಆ ಸಾಲುಗಳನ್ನು ಬಿಟ್ಟು ಹರಿಸಿತು, ಉಳಿದ ಸಾಲುಗಳ ವೋಲ್ಟೇಜೇ ಬ್ಯಾಟರಿಗೆ ಬೇಕಾದ್ದಕ್ಕಿಂತ ಹೆಚ್ಚಿತ್ತು. ಮೂರನೇ ಒಂದು ಭಾಗ ಮುಚ್ಚಿದರೂ ಏನೂ ಕಳೆಯಲಿಲ್ಲ ಅಂದರೆ ಅಷ್ಟೂ ದಿನ ಅದು ದಂಡಕ್ಕಿತ್ತು. ಆಮೇಲೆ ಬಾಯಿ ಮುಚ್ಚಿದರು.

ಇನ್ನೊಬ್ಬ ಕಳ್ಳ ಇದ್ದದ್ದು ತಂತಿಯಲ್ಲಿ. ಕಂಟ್ರೋಲರಿನ ಬ್ಯಾಟರಿ ಟರ್ಮಿನಲ್‌ನಲ್ಲಿ 14.1 ವೋಲ್ಟ್, ಬ್ಯಾಟರಿ ಕಂಬದಲ್ಲಿ 13.3. ನಾಲ್ಕು ಮೀಟರ್ ದೂರಕ್ಕೆ ಎರಡೂವರೆ ಸ್ಕ್ವೇರ್ ಎಂಎಂ ತಂತಿ ಎಳೆದಿದ್ದರು, ಅದರಲ್ಲಿ ಅರ್ಧ ವೋಲ್ಟ್. ಕಿಲುಬು ಹಿಡಿದ ಫ್ಯೂಸ್ ಹೋಲ್ಡರಿನಲ್ಲಿ ಉಳಿದ 0.3 ವೋಲ್ಟ್. ಬ್ಯಾಟರಿ ತುಂಬಿತು ಅಂತ ಕಂಟ್ರೋಲರು ಬೇಗ ಕೈ ಎತ್ತಿದ್ದು ಇದಕ್ಕೇ. ಮೂರನೆಯದು ಇನ್ವರ್ಟರ್: ಲೋಡ್ ಇಲ್ಲದೆಯೇ 1.2 ಆಂಪಿಯರ್, ದಿನಕ್ಕೆ ಮೂವತ್ತರ ಹತ್ತಿರ ಆಂಪಿಯರ್-ಅವರ್. ಆಗಿನ ದಿನದ ಸಂಪಾದನೆಯೇ ನಲವತ್ತು ಚಿಲ್ಲರೆ.

ಈಗ 100 ವೋಲ್ಟ್, 20 ಆಂಪಿಯರಿನ ಅಸಲಿ ಎಂಪಿಪಿಟಿ ಇದೆ, ಒಂಬತ್ತೂವರೆ ಸಾವಿರ ಆದಂತೆ ನೆನಪು. ಬ್ಯಾಟರಿಯಿಂದ ಒಂದು ಮೀಟರ್ ದೂರ, ಆದರೆ ಅದರ ಪೆಟ್ಟಿಗೆಯ ಹೊರಗೆ (ಟ್ಯೂಬುಲರ್ ಗ್ಯಾಸ್ ಬಿಡುತ್ತದೆ). 10 ಸ್ಕ್ವೇರ್ ಎಂಎಂ ತಂತಿ, ಕ್ರಿಂಪ್ ಮಾಡಿದ ಲಗ್, ಬ್ಯಾಟರಿ ಕಂಬದ ಪಕ್ಕದಲ್ಲೇ 30 ಆಂಪಿಯರ್ ಫ್ಯೂಸ್: ಇನ್ನೊಂದೂವರೆ ಸಾವಿರ. ಇನ್ವರ್ಟರಿಗೆ ಸ್ವಿಚ್ಚು. ಜೋಡಿಸುವಾಗ ಬ್ಯಾಟರಿ ಮೊದಲು, ಪ್ಯಾನಲ್ ಆಮೇಲೆ. ಬಿಚ್ಚುವಾಗ ಉಲ್ಟಾ, ಅದೂ ಕಂಬಳಿ ಹೊದಿಸಿ. ಲೋಡಿನಲ್ಲಿ ಕನೆಕ್ಟರ್ ಎಳೆದರೆ ಕಿಡಿ ಹಾರುತ್ತದೆ.

ಮಧ್ಯಾಹ್ನ 17-18 ಆಂಪಿಯರ್, ಅದೇ ಪ್ಯಾನಲ್, ಅದೇ ‘ಸತ್ತ’ ಬ್ಯಾಟರಿ. ನೀಲಿ ಡಬ್ಬಿಯನ್ನು ಬಿಚ್ಚಿ ನೋಡಿದರೆ ಒಳಗೆ ತಾಮ್ರದ ಸುರುಳಿಯೇ ಇರಲಿಲ್ಲ; ಅದಿಲ್ಲದೆ ಎಂಪಿಪಿಟಿ ವೋಲ್ಟೇಜ್ ಇಳಿಸಲಾರದು.