ರಂಪಣಿ ಎಳೆಯುವವರನ್ನು ಬ್ಲೆಂಡರಿನಲ್ಲಿ ಕೂಡಿಸಿದ್ದು

ಕಾರವಾರದ ಕಡಲತೀರದಲ್ಲಿ ಸಂಜೆ ಹೊತ್ತು ರಂಪಣಿ ಎಂಬ ದೊಡ್ಡ ಮೀನುಬಲೆಯನ್ನು ದಡಕ್ಕೆ ಎಳೆಯುವುದನ್ನು ನೋಡುತ್ತ ನಿಂತರೆ ಯಾರ ಮುಖವೂ ಕಾಣುವುದಿಲ್ಲ. ಸೂರ್ಯ ಎದುರಿಗೇ ಸಮುದ್ರಕ್ಕೆ ಇಳಿಯುತ್ತಿರುತ್ತಾನೆ, ಹಗ್ಗ ಹಿಡಿದವರೆಲ್ಲ ಕಪ್ಪು ಆಕೃತಿಗಳು. ಆದರೂ ದಡದಲ್ಲಿ ನಿಂತವರು ‘ಅಂವ ನಮ್ಮ ಕೇರಿಯವ’ ಎಂದು ಬೆರಳು ಮಾಡಿ ತೋರಿಸುತ್ತಾರೆ. ನಿಲುವಿನಿಂದಲೇ ಗುರುತು ಸಿಗುತ್ತದೆ. ಇದನ್ನು ನಾನು ಸಣ್ಣವನಿದ್ದಾಗಿನಿಂದ ನೋಡಿದವ. ಆದರೆ ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಎರಡು ನಿಮಿಷದ ರಂಪಣಿ ಅನಿಮೇಶನ್ ಮಾಡಲು ಕೂತಾಗ ಇದು ನೆನಪಿಗೆ ಬರಲು ಒಂದು ಮಳೆಗಾಲ ಪೂರ್ತಿ ಬೇಕಾಯಿತು.

ದೃಶ್ಯದಲ್ಲಿ 36 ಜನ. ಎರಡು ಹಗ್ಗಕ್ಕೆ 24 ಗಂಡಸರು, ಬುಟ್ಟಿ ಹಿಡಿದು ಕಾಯುವ 12 ಹೆಂಗಸರು. ಮೊದಲು ಸಿದ್ಧ ಮನುಷ್ಯಾಕೃತಿಯೊಂದನ್ನು ಇಳಿಸಿಕೊಂಡೆ. ಬೆರಳು, ಉಗುರು, ರೆಪ್ಪೆ ಎಲ್ಲ ಇದ್ದ ಆಕೃತಿ, ಒಂದಕ್ಕೇ 26,000 ತ್ರಿಕೋನ (3ಡಿ ಆಕೃತಿಯ ಮೈಯೆಲ್ಲ ಇಂಥ ಸಣ್ಣ ತ್ರಿಕೋನಗಳಿಂದಲೇ ಆದದ್ದು). 36 ಮಂದಿಯನ್ನು ನಿಲ್ಲಿಸಿದಾಗ ಲೆಕ್ಕ 9,36,000 ಆಯಿತು. ಅಷ್ಟೂ ಜನರ ಮೂಳೆ (ಆಕೃತಿಯನ್ನು ಒಳಗಿಂದ ಆಡಿಸುವ ಕಡ್ಡಿಗಳು) ಅಲುಗಾಡಿಸಬೇಕೆಂದಾಗ ನನ್ನ ಲ್ಯಾಪ್‌ಟಾಪ್ ಸೆಕೆಂಡಿಗೆ ಒಂದೋ ಎರಡೋ ಫ್ರೇಮ್ ತೋರಿಸಿ ಕೂತುಬಿಟ್ಟಿತು. ಚಲನೆಯೇ ಕಾಣದಿದ್ದರೆ ಅನಿಮೇಶನ್ ತಿದ್ದುವುದು ಹೇಗೆ? ಅಷ್ಟಕ್ಕೂ ನನ್ನ ಕ್ಯಾಮೆರಾದಲ್ಲಿ ಒಬ್ಬೊಬ್ಬರೂ ಹೆಬ್ಬೆರಳಿನಷ್ಟೇ ಎತ್ತರ. ಆ ಉಗುರು ಯಾರಿಗೂ ಕಾಣುತ್ತಿರಲಿಲ್ಲ.

ಹಾಗಾಗಿ ಒಂದು ಘನದಿಂದ ಹೊಸದಾಗಿ ಶುರು ಮಾಡಿದೆ. ಅರ್ಧ ದೇಹ ಮಾತ್ರ ನಾನು ಮಾಡುವುದು, ಉಳಿದರ್ಧವನ್ನು ಮಿರರ್ ಮಾಡಿಫೈಯರ್ ಮಾಡುತ್ತದೆ. ಅದರಲ್ಲಿ ನಡುಗೆರೆಯ ಬಿಂದುಗಳನ್ನು ಅಲ್ಲೇ ಹಿಡಿದಿಡುವ ಕ್ಲಿಪ್ಪಿಂಗ್ ಆನ್ ಮಾಡಿಕೊಳ್ಳಲೇಬೇಕು, ಇಲ್ಲವಾದರೆ ಎದೆಯ ನಡುವೆ ಕಾಣದ ಸೀಳೊಂದು ಉಳಿದು ಮುಂದೆ ಕಾಡುತ್ತದೆ. ಮುಂಡಕ್ಕೆ ಎಂಟು ಬದಿ, ಕೈಕಾಲಿಗೆ ಆರು ಬದಿ. ನಾಲ್ಕೇ ಬದಿಯ ತೋಳನ್ನೂ ಮಾಡಿ ನೋಡಿದ್ದೆ. ತಿರುಗಿದಾಗ ಹಲಗೆಯ ಹಾಗೆ ಒಮ್ಮೆ ದಪ್ಪ, ಒಮ್ಮೆ ತೆಳು ಕಾಣುತ್ತಿತ್ತು. ಆರಕ್ಕೆ ಆ ತೊಂದರೆ ಹೋಯಿತು.

ನಿಜವಾದ ಕೆಲಸ ಇದ್ದದ್ದು ಕೀಲುಗಳಲ್ಲಿ. ಮಂಡಿಗೆ ಒಂದೇ ಎಡ್ಜ್ ಲೂಪ್ (ಸುತ್ತಲೂ ಬಳಸಿ ಬರುವ ಗೆರೆ) ಕೊಟ್ಟರೆ ಕಾಲು ಮಡಚಿದಾಗ ಅಲ್ಲಿ ಸ್ಟ್ರಾ ಬಗ್ಗಿಸಿದಂತೆ ಚಪ್ಪಟೆಯಾಗುತ್ತದೆ. ಮೂರು ಕೊಟ್ಟರೆ ಮುಂದೆ ಚೆನ್ನ, ಆದರೆ ಮಂಡಿಯ ಹಿಂಬದಿಯಲ್ಲಿ ಮೂರೂ ಗೆರೆಗಳು ಒಂದರೊಳಗೊಂದು ನುಗ್ಗಿ ಗಂಟಾಗುತ್ತವೆ. ಕೊನೆಗೆ ಸರಿಹೋದದ್ದು ಹೀಗೆ: ಮಂಡಿಚಿಪ್ಪಿನ ಕಡೆ ಮೂರು ಗೆರೆ, ಹಿಂದಕ್ಕೆ ಹೋಗುತ್ತ ಮೂರನ್ನೂ ಸೇರಿಸಿ ಒಂದು. ಪಕ್ಕದಿಂದ ನೋಡಿದರೆ ಬೀಸಣಿಗೆ ಬಿಚ್ಚಿದ ಹಾಗೆ ಕಾಣುತ್ತದೆ. ಹಿಗ್ಗುವ ಕಡೆ ಹೆಚ್ಚು ವರ್ಟೆಕ್ಸ್ (ಗೆರೆಗಳು ಕೂಡುವ ಬಿಂದು), ಕುಗ್ಗುವ ಕಡೆ ಕಡಿಮೆ. ಮೊಣಕೈಗೂ ಇದೇ.

ಭುಜಕ್ಕೆ ಬೇರೆ ಪಾಠ ಕಲಿತೆ. ಕೈ ಅಡ್ಡಕ್ಕೆ ಚಾಚಿ ನಿಂತ ಭಂಗಿಯಲ್ಲಿ ಆಕೃತಿ ಮಾಡುವುದು ವಾಡಿಕೆ. ಆದರೆ ನನ್ನ ಜನ ಕೈ ಮೇಲೆತ್ತುವುದೇ ಇಲ್ಲ. ಹಗ್ಗ ಸೊಂಟದ ಮಟ್ಟದಲ್ಲಿ, ಕೈ ಮುಂದಕ್ಕೆ ಮತ್ತು ಕೆಳಕ್ಕೆ. ಅಡ್ಡ ಚಾಚಿದ ಕೈಯನ್ನು ಅಲ್ಲಿಗೆ ಇಳಿಸಿದರೆ ಭುಜದ ಮಾಂಸವೆಲ್ಲ ಕಂಕುಳಿಗೆ ಕುಸಿಯುತ್ತಿತ್ತು. ಕೈಯನ್ನು 45 ಡಿಗ್ರಿ ಇಳಿಸಿ, ಸ್ವಲ್ಪ ಮುಂದಕ್ಕೂ ತಂದು, ಅದೇ ಭಂಗಿಯಲ್ಲಿ ಮತ್ತೆ ಮಾಡಿದೆ. ದೇಹ ಮಾಡುವ ಕೆಲಸದ ನಟ್ಟನಡುವಿನ ಭಂಗಿಯನ್ನೇ ಮೂಲ ಭಂಗಿ ಮಾಡಿಕೊಂಡರೆ ಅರ್ಧ ತಿದ್ದುಪಡಿ ಬೇಕಾಗುವುದೇ ಇಲ್ಲ.

ಎಲ್ಲಿ ತ್ರಿಕೋನ ಕೊಡಬೇಕು, ಎಲ್ಲಿ ಉಳಿಸಬೇಕು ಎಂಬುದನ್ನು ನನಗೆ ಬಿಡಿಸಿ ಹೇಳಿದವರು ದೊಡ್ಡಪ್ಪ. ಅವರು ಹರೆಯದಲ್ಲಿ ರಂಪಣಿ ಎಳೆದವರು. ‘ಹಗ್ಗ ಕೈಯಿಂದ ಎಳೂದಲ್ಲ ತಮಾ, ಬೆನ್ನಿಂದ ಎಳೂದು. ಹಿಮ್ಮಡಿ ಮರಳಲ್ಲಿ ಹುಗೀಬೇಕು’ ಎಂದು ಅಂಗಳದಲ್ಲೇ ನಿಂತು ತೋರಿಸಿದರು. ಅವತ್ತೇ ಕಾಲ್ಬೆರಳ ಬಳಿಯ ಲೂಪ್ ತೆಗೆದೆ, ಈ ಕೆಲಸದಲ್ಲಿ ಬೆರಳು ಬಗ್ಗುವುದೇ ಇಲ್ಲ. ಹಿಮ್ಮಡಿಯನ್ನು ಚೂಪಾಗಿಸಿದೆ. ಕೈಬೆರಳುಗಳನ್ನೂ ಬಿಟ್ಟು ಮುಷ್ಟಿ ಮಾತ್ರ ಇಟ್ಟೆ, ಹೆಬ್ಬೆರಳು ಬೇರೆ. ಉಳಿದದ್ದನ್ನೆಲ್ಲ ಸೊಂಟಕ್ಕೂ ಬೆನ್ನಿಗೂ ಕೊಟ್ಟೆ. ಮುಖಕ್ಕೆ ಕಣ್ಣಿಲ್ಲ, ಬಾಯಿಲ್ಲ. ಮೂಗಿನ ಜಾಗದಲ್ಲಿ ಒಂದೇ ವರ್ಟೆಕ್ಸ್ ಮುಂದಕ್ಕೆ ಎಳೆದಿದ್ದೇನೆ, ತಲೆ ಯಾವ ಕಡೆ ತಿರುಗಿದೆ ಎಂದು ತಿಳಿಯಲು ಅಷ್ಟು ಸಾಕು. ಗಂಡಸಿಗೆ 612 ತ್ರಿಕೋನ, ಹೆಂಗಸಿಗೆ 684. ಎಲ್ಲ ಸೇರಿ 22,896. ಲ್ಯಾಪ್‌ಟಾಪ್ 24 ಫ್ರೇಮ್ ಸರಾಗವಾಗಿ ಓಡಿಸಿತು.

ಮೂಳೆ ಜೋಡಿಸುವಾಗ ಎರಡು ದಿನ ಹಾಳಾಯಿತು. ಯಾವ ಮೂಳೆ ಯಾವ ವರ್ಟೆಕ್ಸನ್ನು ಎಷ್ಟು ಎಳೆಯಬೇಕು ಎಂಬುದೇ ವೇಯ್ಟ್; ಅದನ್ನು ತಾನೇ ಲೆಕ್ಕ ಹಾಕುವ ಆಟೋಮ್ಯಾಟಿಕ್ ವೇಯ್ಟ್ ಒತ್ತಿದಾಗೆಲ್ಲ ‘ಬೋನ್ ಹೀಟ್’ ಎಂಬ ಲೆಕ್ಕ ವಿಫಲವಾಯಿತು ಎಂಬ ಸಂದೇಶ. ಕಾರಣ ಒಂದರ ಮೇಲೊಂದು ಕೂತಿದ್ದ ಜೋಡಿ ವರ್ಟೆಕ್ಸ್‌ಗಳು. ಮರ್ಜ್ ಬೈ ಡಿಸ್ಟೆನ್ಸ್ ಕೊಟ್ಟು ಅವನ್ನು ಒಂದಾಗಿಸಿ, ಆಕೃತಿಯ ಅಳತೆ ಖಾಯಂ ಮಾಡಲು ಸ್ಕೇಲ್ ಅಪ್ಲೈ ಮಾಡಿ, ಮೇಲ್ಮೈಯ ದಿಕ್ಕು ಹೇಳುವ ನಾರ್ಮಲ್‌ಗಳನ್ನು ಹೊರಮುಖ ಮಾಡಿದ ಮೇಲೆ ಹಿಡಿಯಿತು. ಇನ್ನೊಂದು ಮಾತು: ಇಷ್ಟು ಕಡಿಮೆ ವರ್ಟೆಕ್ಸ್ ಇರುವಾಗ ವೇಯ್ಟನ್ನು ಬ್ರಶ್ಶಿನಿಂದ ಬಳಿಯಬೇಡಿ. ಕೀಲಿನ ಉಂಗುರವನ್ನು ಆರಿಸಿ ಎರಡೂ ಮೂಳೆಗೆ 0.5, ಅದರ ಮೇಲಿನ ಉಂಗುರಕ್ಕೆ ಮೇಲಿನ ಮೂಳೆಯಿಂದ 1, ಕೆಳಗಿನ ಉಂಗುರಕ್ಕೆ ಕೆಳಗಿನ ಮೂಳೆಯಿಂದ 1 ಎಂದು ಅಂಕಿಯಲ್ಲೇ ಕೊಡಿ. ಐದು ನಿಮಿಷದ ಕೆಲಸ, ಎಡಬಲ ಒಂದೇ ಸಮ.

ಬಟ್ಟೆ ಬೇರೆ ಮಾಡಲಿಲ್ಲ, ಸೀರೆಯೇ ದೇಹ. ಸೊಂಟದಿಂದ ಕೆಳಗೆ ಒಂದು ಕೊಳವೆ, ಎಡಭಾಗ ಎಡತೊಡೆಗೆ, ಬಲಭಾಗ ಬಲತೊಡೆಗೆ, ನಡುವಿನ ಸಾಲು ಎರಡಕ್ಕೂ ಅರ್ಧರ್ಧ. ಹೆಜ್ಜೆ ಹಾಕಿದಾಗ ನಡುವೆ ತಾನಾಗಿ ಬಿಗಿಯುತ್ತದೆ. ಬಣ್ಣಕ್ಕೆಲ್ಲ 64 ಪಿಕ್ಸೆಲ್‌ನ ಒಂದೇ ಚೌಕ ಚಿತ್ರ.

ಇದೇ ಆಕೃತಿಯಿಂದ ಅಂಕೋಲಾ ಸಂತೆಯ ಹಾಲಕ್ಕಿ ಸಮುದಾಯದ ಹೆಂಗಸನ್ನೂ ಮಾಡಿದೆ. ಮಣಿಸರಗಳನ್ನು ಮಣಿಮಣಿಯಾಗಿ ಮಾಡಿದ್ದರೆ ಅವೇ ಸಾವಿರಾರು ತ್ರಿಕೋನ ನುಂಗುತ್ತಿದ್ದವು. ಕೊರಳಿಂದ ಎದೆಯವರೆಗೆ ಮೆಟ್ಟಿಲಿನಂತೆ ಮೂರು ದಪ್ಪ ಉಂಗುರ ಇಟ್ಟೆ, ಅಷ್ಟೆ. ಅದೇ ಸಮುದಾಯದ, ಗಿಡ ನೆಟ್ಟು ಬೆಳೆಸಿ ಹೆಸರಾದ ಹೊನ್ನಳ್ಳಿಯ ತುಳಸಿ ಗೌಡ ಅವರು 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಪದ್ಮಶ್ರೀ ಪಡೆದ ಫೋಟೋ ನೆನಪಿಸಿಕೊಳ್ಳಿ. ಅದನ್ನು ಅಂಚೆಚೀಟಿಯಷ್ಟು ಚಿಕ್ಕದು ಮಾಡಿದರೂ ನಮ್ಮ ಕಡೆಯವರಿಗೆ ಆ ಕೊರಳು, ಆ ಸೀರೆ ಕಟ್ಟು ಗೊತ್ತಾಗುತ್ತದೆ. ಆ ಕಾರಣಕ್ಕೇ ಆಕೃತಿಯನ್ನು ಪೂರ್ತಿ ಕಪ್ಪು ಮಾಡಿ, ಬಿಳಿ ಹಿನ್ನೆಲೆಯಲ್ಲಿ ಹೆಬ್ಬೆರಳಿನಷ್ಟಕ್ಕೆ ಇಳಿಸಿ ನೋಡದೆ ನಾನೀಗ ಮುಂದಕ್ಕೆ ಹೋಗುವುದಿಲ್ಲ.

ಚಲನೆಗೆ ಫೋನಿನಲ್ಲಿ ತೆಗೆದ ವಿಡಿಯೋ ಇತ್ತು. ಫ್ರೇಮ್ ಎಣಿಸಿದೆ: ‘ಐಲೇಸಾ’ ಎಂದಾಗ ಸುಮಾರು 20 ಫ್ರೇಮ್ ಎಳೆತ, ಆಮೇಲೆ 14 ಫ್ರೇಮ್ ಬಿಡುವು. ಎಲ್ಲರನ್ನೂ ಒಂದೇ ಫ್ರೇಮಿನಲ್ಲಿ ಎಳೆಸಿದರೆ ಯಂತ್ರ, ತೀರ ಬೇರೆಬೇರೆ ಮಾಡಿದರೆ ಹಗ್ಗವೇ ಸುಳ್ಳು. ಒಬ್ಬೊಬ್ಬರನ್ನು ಒಂದರಿಂದ ಮೂರು ಫ್ರೇಮ್ ತಡ ಮಾಡಿದೆ.

ಮುಗಿಯಿತೆಂದುಕೊಂಡು ದೊಡ್ಡಪ್ಪನಿಗೆ ತೋರಿಸಿದೆ. ಎರಡು ಸಲ ನೋಡಿ ಬಲಗಡೆಯ ಹಗ್ಗದಲ್ಲಿ ನಾಲ್ಕನೆಯವನ ಮೇಲೆ ಬೆರಳಿಟ್ಟರು. ‘ಇಂವ ಹಗ್ಗ ಹಿಡದಾನೆ, ಎಳೀತಾ ಇಲ್ಲ.’ ತೆರೆದು ನೋಡಿದರೆ ಅವನೊಬ್ಬನ ಸೊಂಟದ ಮೂಳೆಗೆ ಕೀಫ್ರೇಮೇ (ಯಾವ ಫ್ರೇಮಿನಲ್ಲಿ ಯಾವ ಭಂಗಿ ಎಂಬ ಗುರುತು) ಬಿದ್ದಿರಲಿಲ್ಲ. 12 ಡಿಗ್ರಿ ಹಿಂದಕ್ಕೆ ವಾಲಿಸಿ, ಹಿಮ್ಮಡಿಯನ್ನು ಎರಡು ಸೆಂಟಿಮೀಟರ್ ಮರಳಿಗಿಳಿಸಿದೆ. ‘ಈಗ ಬಲೆ ಬರ್ತದೆ’ ಎಂದರು.