ಪಲೆರ್ಮೊದ ಎಂಟು ಮೂಲೆ ನಕ್ಷತ್ರ, ಮಂಗಳೂರು ಹಂಚಿನಲ್ಲಿ

ಇಟಲಿಯ ಸಿಸಿಲಿ ದ್ವೀಪದಲ್ಲಿ, ಉತ್ತರ ಫ್ರಾನ್ಸಿನಿಂದ ಬಂದ ನಾರ್ಮನ್ ದೊರೆಗಳ ಕಾಲದ ಶೈಲಿ ಎಂದರೆ ಅರಬ್, ಗ್ರೀಕ್, ಲ್ಯಾಟಿನ್ ಎಲ್ಲವನ್ನೂ ಕಲಸಿ ಮಾಡಿದ ಚಿತ್ರಾನ್ನ ಎಂದುಕೊಂಡು ಮೊಸಾಯಿಕ್ ಫಲಕ (ಚೂರು ಕೂರಿಸಿ ಮಾಡುವ ಚಿತ್ರ) ಮಾಡಹೊರಟವರ ಕೆಲಸ ಕೆಡುವುದು ಅಲ್ಲೇ. ದೊರೆ ಎರಡನೇ ರೋಜರ್ 1132ರಲ್ಲಿ ಅಲ್ಲಿನ ಪಲೆರ್ಮೊ ನಗರದಲ್ಲಿ ಶುರು ಮಾಡಿಸಿದ ಅರಮನೆಯ ಚಾಪೆಲ್ (ಪ್ರಾರ್ಥನಾ ಮಂದಿರ) ನೋಡಿ. ಮೇಲೆ ಅರಬ್ ಪದ್ಧತಿಯ ಮರದ ಮಾಡು, ಗೋಡೆಯಲ್ಲಿ ಗ್ರೀಕ್ ಪದ್ಧತಿಯ ಚಿನ್ನದ ಮೊಸಾಯಿಕ್, ಕೆಳಗೆ ಕಲ್ಲು ಕತ್ತರಿಸಿ ಕೂರಿಸಿದ ನೆಲ. ಮೂರೂ ಒಂದೇ ಸೂರಿನಡಿ ಇವೆ, ಆದರೆ ಯಾರ ಕಸುಬು ಯಾರ ಗೆರೆಯನ್ನೂ ದಾಟಿಲ್ಲ. ಜಗಲಿಯ ಗೋಡೆಗೆ 36 ಸೆಂ.ಮೀ. ಚೌಕದ ಫಲಕ ಮಾಡುವಾಗಲೂ ಅದೇ ಕಟ್ಟು: ನಡುವೆ ಚಿನ್ನ, ಸುತ್ತ ನಕ್ಷತ್ರದ ಹೆಣಿಗೆ, ಹೊರಗೆ ಕಪ್ಪು ಅಂಚು.

ತಳಕ್ಕೆ 12 ಮಿ.ಮೀ. ಸಿಮೆಂಟ್ ಫೈಬರ್ ಬೋರ್ಡ್ ತನ್ನಿ. ಪ್ಲೈವುಡ್ ಬೇಡ, ಮಳೆಗಾಲದ ಆಟಿ ತಿಂಗಳು ದಾಟುವುದರೊಳಗೆ ಉಬ್ಬುತ್ತದೆ. ಬಿಳಿ ಟೈಲ್ ಅಂಟಿನ ಪುಡಿ 1 ಕೆ.ಜಿ. ಸಾಕು. ಬೂದು ಬಣ್ಣದ್ದು ಗಾಜಿನ ಅಡಿಯಿಂದ ಇಣುಕುತ್ತದೆ.

ಬೋರ್ಡಿನ ಸುತ್ತ 3 ಸೆಂ.ಮೀ. ಅಂಚು ಬಿಟ್ಟು, ನಡುಬಿಂದುವಿನಿಂದ 14.1 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಅದರ ಮೇಲೆ 45 ಡಿಗ್ರಿಗೊಂದರಂತೆ ಎಂಟು ಚುಕ್ಕೆ ಹಾಕಿ, ಒಂದು ಬಿಟ್ಟು ಒಂದನ್ನು ಸೇರಿಸಿ. 20 ಸೆಂ.ಮೀ. ಬದಿಯ ಎರಡು ಚೌಕ ಒಂದರ ಮೇಲೊಂದು ಬೀಳುತ್ತವೆ. ಅಂಗಳದಲ್ಲಿ ಅಷ್ಟದಳದ ರಂಗೋಲಿ ಹಾಕುವವರಿಗೆ ಇದು ಕೈಗೆ ಬಂದ ಲೆಕ್ಕ. ಒಳಗೆ ಮೂಡುವ ಅಷ್ಟಕೋನದ ಬದಿ 8.3 ಸೆಂ.ಮೀ. ಬರಬೇಕು. ಬರದಿದ್ದರೆ ಚುಕ್ಕೆ ಜಾರಿದೆ, ಅಳಿಸಿ ಮತ್ತೆ ಹಾಕಿ. ಇಲ್ಲಿನ 2 ಮಿ.ಮೀ. ತಪ್ಪು ಕೊನೆಗೆ ಎಲ್ಲ ಸಂದುಗಳಲ್ಲೂ ಕಾಣುತ್ತದೆ.

ಈ ಗೆರೆಗಳ ಮೇಲೆ ಬಿಳಿ ವಿಟ್ರಿಫೈಡ್ ಟೈಲಿನ 8 ಮಿ.ಮೀ. ಅಗಲದ ಪಟ್ಟಿ ಬರುತ್ತದೆ. ಇದಕ್ಕಿಂತ ಸಪೂರ ಕತ್ತರಿಸಿದರೆ ಗ್ರೈಂಡರ್ ಬ್ಲೇಡಿನಡಿಯಲ್ಲೇ ಮುರಿಯುತ್ತದೆ. ಚೌಕದ ಪ್ರತಿ ಬದಿಯೂ ಎರಡು ಕಡೆ ಇನ್ನೊಂದು ಚೌಕವನ್ನು ದಾಟುತ್ತದೆ. ಒಂದು ಕಡೆ ಪಟ್ಟಿ ಅಖಂಡವಾಗಿ ಮೇಲೆ ಹೋಗಲಿ, ಇನ್ನೊಂದು ಕಡೆ ತುಂಡಾಗಿ ಅಡಿಯಲ್ಲಿ ನುಸುಳಿದಂತೆ ನಿಲ್ಲಲಿ. ಎಂಟು ದಾಟುಗಳಲ್ಲಿ ಒಂದು ತಪ್ಪಿದರೂ ಹೆಣಿಗೆ ಬಿಚ್ಚಿದ ಚಾಪೆಯಂತೆ ಕಾಣುತ್ತದೆ. ಅಂಟು ಕಲಸುವ ಮೊದಲೇ ಪೆನ್ಸಿಲಿನಲ್ಲಿ ಮೇಲೆ, ಕೆಳಗೆ ಎಂದು ಬರೆದುಕೊಳ್ಳಿ.

ನಕ್ಷತ್ರದ ಎಂಟು ತುದಿಗೆ ಹಂಚಿನ ಕೆಂಪು. ಮಾಡಿನ ಹಂಚಿಗೆ ಏಣುಗಳಿರುತ್ತವೆ. ನೆಲಕ್ಕೆ ಹಾಸುತ್ತಿದ್ದ ಚಪ್ಪಟೆ ಹಂಚು ಹಳೆ ಮನೆ ಕೆಡವುವಲ್ಲಿ ಸಿಗುತ್ತದೆ, ಅದೇ ಒಳ್ಳೆಯದು. ಮೂರೂ ಬದಿಯಲ್ಲಿ ಪಟ್ಟಿಯ ಅರ್ಧ ಅಗಲ ಮತ್ತು 1 ಮಿ.ಮೀ. ಸಂದು ಕಳೆದರೆ ತ್ರಿಕೋನದ ಎರಡು ಸಮ ಬದಿಗಳು 4.1 ಸೆಂ.ಮೀ. ಆಗುತ್ತವೆ. ಗೆರೆ ಅಳೆದು 5.8ಕ್ಕೆ ಕತ್ತರಿಸಿದವರು ಎಂಟನ್ನೂ ಮತ್ತೆ ಕತ್ತರಿಸಬೇಕು. ಹಿಂಬದಿ ಉಜ್ಜಿ ಟೈಲಿನ ದಪ್ಪಕ್ಕೆ, ಅಂದರೆ 8 ಮಿ.ಮೀ.ಗೆ ಇಳಿಸಿ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದು, ಮಾಸ್ಕ್ ಮತ್ತು ಕನ್ನಡಕ ಇಲ್ಲದೆ ಕೂರಬೇಡಿ. ಕೂರಿಸುವ ಮೊದಲು ಹಂಚಿನ ಮುಖಕ್ಕೆ ಸೀಲರ್ ಎರಡು ಕೋಟ್ ಕೊಡಿ; ಇಲ್ಲದಿದ್ದರೆ ಸಂದು ತುಂಬುವ ಗ್ರೌಟಿನ ಬಿಳಿ ಹೀರಿಕೊಂಡು ಮಂಕಾಗುತ್ತದೆ.

ಇನ್ನು ಚಿನ್ನ. ಆಗಿನ ತುಣುಕುಗಳಲ್ಲಿ ಎರಡು ಪದರ ಗಾಜಿನ ನಡುವೆ ಚಿನ್ನದ ತಗಡು ಇರುತ್ತಿತ್ತು. ನಮಗೆ 2 ಸೆಂ.ಮೀ. ತುಣುಕಿನ ಬಂಗಾರ ಬಣ್ಣದ ಗಾಜಿನ ಮೊಸಾಯಿಕ್ ಶೀಟ್ ಸಾಕು. ಮೊದಲು ಒಂದು ತುಣುಕನ್ನು ಉಪ್ಪುನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಿಂಬದಿಯನ್ನು ಉಗುರಿನಿಂದ ಕೆರೆಯಿರಿ. ಬಣ್ಣ ಎದ್ದು ಬಂದರೆ ಆ ಶೀಟ್ ಬೇಡ. ಕಡಲ ಗಾಳಿಗೆ ಒಂದು ಮಳೆಗಾಲವೂ ಬಾಳದು. ನಿಪ್ಪರಿನಿಂದ (ಗಾಜು ತುಂಡರಿಸುವ ಇಕ್ಕಳ) ಒಂದನ್ನು ನಾಲ್ಕು ಮಾಡಿದರೆ 1 ಸೆಂ.ಮೀ. ತುಣುಕು ಸುಮಾರು 250 ಬೇಕು. ಕಾಲು ಪಾಲು ಒಡೆದು ಹಾಳಾಗುವುದರಿಂದ 2 ಸೆಂ.ಮೀ.ಯ ಇಡೀ ತುಣುಕು 85 ಇಟ್ಟುಕೊಳ್ಳಿ. ಆರರಲ್ಲೊಂದು ಜೇನು ಬಣ್ಣದ ಗಾಜಾಗಿದ್ದರೆ ಹೊಳಪಿಗೆ ಆಳ ಬರುತ್ತದೆ.

ಪಟ್ಟಿ ಮತ್ತು ಹಂಚು ಗಟ್ಟಿಯಾದ ಮರುದಿನ ಅಷ್ಟಕೋನ ತುಂಬಿ. ಗಾಜು ತೆಳು, ಆದ್ದರಿಂದ ಅಂಟು 5-6 ಮಿ.ಮೀ. ದಪ್ಪ ಇರಲಿ, ಒಮ್ಮೆಗೆ ಅಂಗೈಯಗಲ ಮಾತ್ರ. ಅಂಚಿನ ಸಾಲು ಮೊದಲು, ಆಮೇಲೆ ಒಳಕ್ಕೆ. ಪ್ರತಿ ತುಣುಕನ್ನೂ 10-15 ಡಿಗ್ರಿ ಬೇರೆ ಬೇರೆ ಕಡೆಗೆ ಓರೆಯಾಗಿ ಒತ್ತಿ. ಮೇಸ್ತ್ರಿಗೆ ಬಿಟ್ಟರೆ ಅಭ್ಯಾಸಬಲದಿಂದ ಮಟ್ಟಗೋಲು ಇಟ್ಟು ಸಮ ಮಾಡಿಬಿಡುತ್ತಾರೆ. ಆಗ ಚಿನ್ನ ಬಿಸ್ಕಿಟ್ ಡಬ್ಬದ ಮುಚ್ಚಳದಂತೆ ಸಪ್ಪೆ. ಲೈಟ್ ಆರಿಸಿ, ದೀಪವೊಂದನ್ನು ಫಲಕದ ಮುಂದೆ ಅತ್ತಿತ್ತ ಆಡಿಸಿ ನೋಡಿ. ಬೆಳಕು ತುಣುಕಿನಿಂದ ತುಣುಕಿಗೆ ನೆಗೆಯಬೇಕು.

ನಡುವೆ ರಾಜನನ್ನೋ ಸಂತನನ್ನೋ ಕೂರಿಸುವ ಆಸೆ ಬೇಡ. ಪಲೆರ್ಮೊದ ಮಾರ್ತೊರಾನಾ ಚರ್ಚಿನಲ್ಲಿ ಕ್ರಿಸ್ತನಿಂದ ಕಿರೀಟ ಪಡೆಯುವ ರೋಜರ್ ಇದ್ದಾನೆ ನಿಜ, ಬೈಜಾಂಟೈನ್ ಚಕ್ರವರ್ತಿಯ ಉಡುಪಿನಲ್ಲಿ, ತಲೆಯ ಮೇಲೆ ‘ರೆಕ್ಸ್’ (ದೊರೆ) ಎಂಬ ಲ್ಯಾಟಿನ್ ಪದ ಗ್ರೀಕ್ ಅಕ್ಷರದಲ್ಲಿ. 20 ಸೆಂ.ಮೀ. ಜಾಗದಲ್ಲಿ 1 ಸೆಂ.ಮೀ. ತುಣುಕಿನಿಂದ ಮುಖ ಮಾಡಿದರೆ ಬೆವರಿಗೆ ಬಣ್ಣ ಇಳಿದ ಯಕ್ಷಗಾನದ ವೇಷವಾದೀತು. ಬರೀ ಚಿನ್ನವೇ ಚೆಂದ.

ಹಿನ್ನೆಲೆಗೆ ಬಿಳಿ ಟೈಲಿನ ಚೂರು, ಅಂಚಿಗೆ ಸಿಂಕ್ ಕಟ್ಟಿಂಗಿನಲ್ಲಿ ಉಳಿದ ಕರಿ ಗ್ರಾನೈಟ್. ಮೂರು ದಿನ ಬಿಟ್ಟು, ಮಳೆಗಾಲವಾದರೆ ಐದು ದಿನ ಬಿಟ್ಟು ಗ್ರೌಟ್ ಹಾಕಿ. ಅಷ್ಟಕೋನದ ಮೇಲೆ ಮಾತ್ರ ಟೇಪ್ ಅಂಟಿಸಿ ಮುಚ್ಚಿ: ಗ್ರೀಕ್ ಪದ್ಧತಿಯಲ್ಲಿ ತುಣುಕನ್ನು ಹಸಿ ಗಾರೆಗೆ ಒತ್ತುವುದಷ್ಟೇ, ಮೇಲಿಂದ ಸಂದು ತುಂಬುವುದಿಲ್ಲ. ಕಲ್ಲು, ಹಂಚಿನ ಸಂದು ತುಂಬಿ ಒರೆಸಿ.

ಫಲಕ ಕೂರಿಸಲು ಗೋಡೆ ಗಾರೆ ಮಾಡುವಾಗ ಕಡಲ ಬದಿಯ ಹೊಯಿಗೆ ಬಳಸಬೇಡಿ, ಉಪ್ಪು ಬಿಳಿಯಾಗಿ ಉಕ್ಕಿ ಅಂಟು ಬಿಡಿಸುತ್ತದೆ. ಪಡುವಣ ಗಾಳಿಮಳೆ ನೇರ ಹೊಡೆಯುವ ಗೋಡೆಯೂ ಬೇಡ. ಸಂಜೆ ದೀಪ ಹಚ್ಚುವ ಕಡೆಯಿಂದ ಓರೆಬೆಳಕು ಬೀಳುವಲ್ಲಿ, ಕಣ್ಣಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ ತಿರುಪು ಹಾಕಿ ನಿಲ್ಲಿಸಿ.