ಇಬ್ಬರೂ ಕೊನೆಯವರೆಗೆ ಕೂತು ನೋಡುವ ಪ್ರೇಮಚಿತ್ರ: ಆರಿಸುವುದು ಹೇಗೆ?

ಒಟ್ಟಿಗೆ ಪ್ರೇಮಚಿತ್ರ ನೋಡೋಣ ಎಂದು ಕೂತ ಜೋಡಿಗಳು ಎಡವುವುದನ್ನು ಬೇಕಾದಷ್ಟು ನೋಡಿದ್ದೇನೆ. ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ರಿಮೋಟ್ ಹಿಡಿದು ಅರ್ಧ ಗಂಟೆ ಪೋಸ್ಟರ್ ಸರಿಸುತ್ತಾರೆ. ಅವಳು ಹೇಳಿದ್ದು ಅವನಿಗೆ ‘ಬರೀ ಅಳು’, ಅವನು ಹೇಳಿದ್ದು ಅವಳಿಗೆ ‘ಬರೀ ಹೊಡೆದಾಟ’. ಕೊನೆಗೆ ರಾಜಿಯಾಗುತ್ತದೆ: ಸ್ವಲ್ಪ ಪ್ರೀತಿ, ಸ್ವಲ್ಪ ಫೈಟು, ನಡುವೆ ಒಂದಿಷ್ಟು ಕಾಮಿಡಿ ಇರುವ ಯಾವುದೋ ಒಂದು. ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಒಬ್ಬರು ಫೋನ್ ತೆಗೆದಿರುತ್ತಾರೆ, ಇನ್ನೊಬ್ಬರು ತೂಕಡಿಸುತ್ತಿರುತ್ತಾರೆ.

ತಪ್ಪು ಆ ಇಬ್ಬರ ಅಭಿರುಚಿಯದ್ದಲ್ಲ, ಆಯ್ಕೆ ಮಾಡಿದ ರೀತಿಯದ್ದು. ‘ಹೆಂಗಸರ ಸಿನಿಮಾ’ ಎಂದು ತಳ್ಳಿಹಾಕುವ ಚಿತ್ರಗಳನ್ನು ಗಮನಿಸಿ: ಬಹುಪಾಲು ಅವುಗಳಲ್ಲಿ ನಾಯಕ ರಟ್ಟಿನ ಗೊಂಬೆ. ಚೆಲುವ, ಹಣವಂತ, ಅವನಿಗೊಂದು ಚಿಂತೆಯಿಲ್ಲ, ಕೆಟ್ಟ ಗುಣವೂ ಇಲ್ಲ. ‘ಗಂಡಸರ ಸಿನಿಮಾ’ ಎನ್ನುವವುಗಳಲ್ಲಿ ನಾಯಕಿ ಅದೇ ರಟ್ಟಿನ ಗೊಂಬೆ. ಕೊನೆಯಲ್ಲಿ ಗೆದ್ದವನಿಗೆ ಸಿಗುವ ಬಹುಮಾನ. ಎರಡೂ ಪಾತ್ರಗಳಿಗೆ ಜೀವ ಇರುವ ಚಿತ್ರ ಹುಡುಕಿದರೆ ರಾಜಿಯ ಮಾತೇ ಬರುವುದಿಲ್ಲ. ಅದನ್ನು ಹುಡುಕುವ ಬಗೆ ಇಲ್ಲಿದೆ.

ಹಂತ 1: ಬೇಡದ್ದನ್ನು ಮೊದಲು ಕೇಳಿ

‘ಏನು ನೋಡೋಣ?’ ಎಂದು ಕೇಳಬೇಡಿ. ‘ಏನಿದ್ದರೆ ಎದ್ದು ಹೋಗ್ತೀಯ?’ ಎಂದು ಕೇಳಿ. ಇಬ್ಬರೂ ಒಂದೊಂದು ಉತ್ತರ ಕೊಟ್ಟರೆ ಸಾಕು.

ಹಂತ 2: ಕಥೆಯನ್ನು ಪರೀಕ್ಷಿಸಿ

ಕೆಲಸ ಕೆಡುವುದು ಇಲ್ಲೇ. ಹೆಚ್ಚಿನವರು ಈ ಹಂತವನ್ನೇ ಹಾರಿಸಿ, ಪೋಸ್ಟರ್ ನೋಡಿ ತೀರ್ಮಾನ ಮಾಡುತ್ತಾರೆ. ಪೋಸ್ಟರಿನಲ್ಲಿ ಎಲ್ಲ ಪ್ರೇಮಿಗಳೂ ಒಂದೇ ಥರ ನಗುತ್ತಿರುತ್ತಾರೆ, ಅದರಿಂದ ಏನೂ ತಿಳಿಯದು. ಕಥೆಯ ಸಾರಾಂಶ ಎರಡು ಸಾಲು ಓದಿ ಮೂರು ಪ್ರಶ್ನೆ ಹಾಕಿಕೊಳ್ಳಿ.

ಮೊದಲನೆಯದು: ಪ್ರೀತಿಯನ್ನು ಕಥೆಯಿಂದ ತೆಗೆದುಬಿಟ್ಟರೆ ಇವರಿಬ್ಬರಿಗೂ ಮಾಡಲು ಏನಾದರೂ ಕೆಲಸ ಉಳಿಯುತ್ತದೆಯೇ?

1942ರ ‘ಕಾಸಾಬ್ಲಾಂಕಾ’ವನ್ನೇ ತೆಗೆದುಕೊಳ್ಳಿ. ಮೈಕಲ್ ಕರ್ಟಿಜ್ ನಿರ್ದೇಶನ, ಹಂಫ್ರಿ ಬೋಗಾರ್ಟ್ ಮತ್ತು ಇಂಗ್ರಿಡ್ ಬರ್ಗ್‌ಮನ್. ರಿಕ್‌ಗೆ ನಡೆಸಲು ಒಂದು ಬಾರ್ ಇದೆ, ಯಾರ ಪರವಾಗಿಯೂ ನಿಲ್ಲುವುದಿಲ್ಲ ಎಂಬ ಹಟ ಇದೆ. ಇಲ್ಸಾಗೆ ನಾಜಿಗಳು ಬೆನ್ನಟ್ಟಿರುವ ಹೋರಾಟಗಾರ ಗಂಡ ಇದ್ದಾನೆ, ಅವನನ್ನು ಊರಿನಿಂದ ಪಾರು ಮಾಡುವ ಜವಾಬ್ದಾರಿ ಇದೆ. ಹಳೆಯ ಪ್ರೀತಿ ಈ ಎರಡಕ್ಕೂ ಅಡ್ಡ ಬರುತ್ತದೆ. ಪ್ರೇಮಚಿತ್ರ ಬೇಡ ಎನ್ನುವವರಿಗೂ ಇದರಲ್ಲಿ ಯುದ್ಧ, ರಾಜಕೀಯ, ಜೂಜು ಎಲ್ಲ ಸಿಗುತ್ತದೆ. ಆದರೆ ಅವು ಮಸಾಲೆಗೆಂದು ಬೆರೆಸಿದವಲ್ಲ, ಪ್ರೀತಿಯ ಕಷ್ಟವೇ ಅವುಗಳಿಂದ ಹುಟ್ಟಿದೆ.

ಅದರ ಒಂದು ದೃಶ್ಯವನ್ನು ಕಣ್ಣಿಟ್ಟು ನೋಡಿ. ಬಾರಿನಲ್ಲಿ ಜರ್ಮನ್ ಅಧಿಕಾರಿಗಳು ತಮ್ಮ ಹಾಡು ಹಾಡುತ್ತಿರುತ್ತಾರೆ. ಇಲ್ಸಾಳ ಗಂಡ ವಾದ್ಯದವರ ಬಳಿ ಹೋಗಿ ಫ್ರಾನ್ಸಿನ ರಾಷ್ಟ್ರಗೀತೆ ನುಡಿಸಿ ಎನ್ನುತ್ತಾನೆ. ವಾದ್ಯದವರು ರಿಕ್‌ನ ಕಡೆ ತಿರುಗುತ್ತಾರೆ. ರಿಕ್ ಸುಮ್ಮನೆ ಒಮ್ಮೆ ತಲೆಯಾಡಿಸುತ್ತಾನೆ, ಅಷ್ಟೇ. ತನ್ನ ಪ್ರತಿಸ್ಪರ್ಧಿಯನ್ನು ಗೆಲ್ಲಿಸುವ ಆ ತಲೆಯಾಟದಲ್ಲಿ ರಿಕ್ ಎಂಥವನು ಎಂಬುದು ನೋಡುತ್ತಿರುವ ಇಬ್ಬರಿಗೂ ಏಕಕಾಲಕ್ಕೆ ತಿಳಿಯುತ್ತದೆ. ಆ ದೃಶ್ಯದಲ್ಲಿ ಹಾಡುತ್ತಿರುವವರಲ್ಲಿ ಹಲವರು ಯುರೋಪಿನಿಂದ ನಿಜವಾಗಿಯೂ ತಪ್ಪಿಸಿಕೊಂಡು ಬಂದಿದ್ದ ನಿರಾಶ್ರಿತರು. ಅವರ ಕಣ್ಣೀರು ನೋಡಿದರೆ ನಿಮಗೇ ಗೊತ್ತಾಗುತ್ತದೆ.

1953ರ ‘ರೋಮನ್ ಹಾಲಿಡೇ’ ಕೂಡ ಈ ಪ್ರಶ್ನೆಯಲ್ಲಿ ಪಾಸು. ಅರಮನೆಯಿಂದ ತಪ್ಪಿಸಿಕೊಂಡು ಬಂದ ರಾಜಕುಮಾರಿ ತಾನು ಯಾರೆಂದು ಹೇಳುವುದಿಲ್ಲ. ಅವಳು ಯಾರೆಂದು ತಿಳಿದುಹೋದ ಪತ್ರಕರ್ತ ತನಗೆ ತಿಳಿದಿದೆ ಎಂದು ಹೇಳುವುದಿಲ್ಲ. ಅವನಿಗೆ ಬೇಕಿರುವುದು ಒಂದು ಭರ್ಜರಿ ಸುದ್ದಿ. ಇಬ್ಬರೂ ಸುಳ್ಳು ಹೇಳುತ್ತಲೇ ರೋಮ್ ಸುತ್ತುತ್ತಾರೆ. ಯಾರ ಸುಳ್ಳು ಮೊದಲು ಬಯಲಾಗುತ್ತದೋ ಎಂಬ ಕುತೂಹಲಕ್ಕೆ ಗಂಡು ಹೆಣ್ಣು ಎಂಬ ಭೇದವಿಲ್ಲ. ಸುಳ್ಳುಗಾರರ ಕೈ ಕಚ್ಚುತ್ತದೆಂಬ ಕಲ್ಲಿನ ಬಾಯೊಳಗೆ ಗ್ರೆಗರಿ ಪೆಕ್ ಕೈ ಹಾಕಿ, ಅದನ್ನು ಅಂಗಿಯ ತೋಳಿನೊಳಗೆ ಅಡಗಿಸಿಕೊಂಡು ಹೊರತೆಗೆಯುವ ದೃಶ್ಯವಿದೆ. ಆಡ್ರಿ ಹೆಪ್‌ಬರ್ನ್ ಕಿರುಚುವುದನ್ನು ಕೇಳಿಯೂ ನಗದವರನ್ನು ನಾನು ಕಂಡಿಲ್ಲ.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯ: ಒಬ್ಬರು ‘ಬೇಡ’ ಎಂದಾಗ ಚಿತ್ರ ಯಾರ ಪರ ನಿಲ್ಲುತ್ತದೆ?

‘ಬೇಡ’ ಎಂದವಳ ಹಿಂದೆ ಎರಡು ಗಂಟೆ ಅಲೆದು, ಹಾಡು ಹಾಡಿ, ಕೈ ಕೊಯ್ದುಕೊಂಡು ಒಪ್ಪಿಸುವ ಕಥೆಯನ್ನು ಪ್ರೀತಿ ಎಂದು ಮಾರುವ ಚಿತ್ರಗಳು ಎಲ್ಲ ಭಾಷೆಯಲ್ಲೂ ಇವೆ. ಅವುಗಳನ್ನು ಕಣ್ಣುಮುಚ್ಚಿ ಬಿಟ್ಟುಬಿಡಿ. ಹಾಡು ಚೆನ್ನಾಗಿದೆ ಎಂಬ ಕಾರಣಕ್ಕೂ ಬೇಡ, ಹಾಡನ್ನು ಬೇರೆ ಕೇಳಬಹುದು. ಪಕ್ಕದಲ್ಲಿ ಕೂತವಳು ಅಂಥದ್ದನ್ನು ನಿಜಜೀವನದಲ್ಲಿ ಅನುಭವಿಸಿರುವ ಸಾಧ್ಯತೆ ಇದೆ. ಅವಳಿಗದು ಮನರಂಜನೆಯಲ್ಲ.

ಈ ಪ್ರಶ್ನೆಗೆ ಬಲು ಚೆಂದದ ಉತ್ತರ ಕೊಡುವ ಚಿತ್ರ 1993ರ ‘ಗ್ರೌಂಡ್‌ಹಾಗ್ ಡೇ’. ಟಿವಿಯಲ್ಲಿ ಹವಾಮಾನ ಹೇಳುವ ಫಿಲ್ ಒಂದೇ ದಿನದಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ. ಬೆಳಗಾದರೆ ಮತ್ತೆ ಅದೇ ದಿನ. ಸಹೋದ್ಯೋಗಿ ರೀಟಾಳನ್ನು ಒಲಿಸಿಕೊಳ್ಳಲು ಅವನು ಇದನ್ನೇ ಬಳಸುತ್ತಾನೆ. ಇವತ್ತು ಅವಳ ಇಷ್ಟದ ಪಾನೀಯ ಕೇಳಿಕೊಂಡು, ಮರುದಿನ ಅದನ್ನೇ ತನ್ನ ಇಷ್ಟ ಎನ್ನುತ್ತಾನೆ. ಅವಳು ಫ್ರೆಂಚ್ ಕಾವ್ಯ ಓದಿದ್ದಾಳೆಂದು ತಿಳಿದು ನಕ್ಕವನು ಮರುದಿನ ಫ್ರೆಂಚ್ ಸಾಲು ಹೇಳುತ್ತಾನೆ. ಎಲ್ಲವೂ ಕರಾರುವಾಕ್ಕು. ಆದರೂ ರಾತ್ರಿ ಕೆನ್ನೆಗೆ ಏಟು ಬೀಳುತ್ತದೆ. ಮತ್ತೊಂದು ರಾತ್ರಿ ಮತ್ತೊಂದು ಏಟು. ಮಾಹಿತಿ ಕಲೆಹಾಕಿ ಹೆಣ್ಣನ್ನು ಗೆಲ್ಲಲಾಗದು ಎಂಬುದನ್ನು ಇಷ್ಟು ನಗಿಸುತ್ತ ಹೇಳಿದ ಚಿತ್ರ ಇನ್ನೊಂದಿಲ್ಲ. ಬಿಲ್ ಮರ್ರೆಯ ಹಾಸ್ಯಕ್ಕೆಂದು ಕೂತವರೂ ಪ್ರೀತಿಯ ಕಥೆ ಮುಗಿಸಿಯೇ ಏಳುತ್ತಾರೆ.

ಕನ್ನಡದಲ್ಲಿ 1984ರ ‘ಬಂಧನ’ ಇದೆ. ಡಾ. ಹರೀಶ್ ಪ್ರೀತಿಸಿದ ಡಾ. ನಂದಿನಿಯ ಮನಸ್ಸು ಬೇರೊಬ್ಬನಲ್ಲಿದೆ. ಹರೀಶ್ ಅದನ್ನು ನುಂಗಿಕೊಳ್ಳುತ್ತಾನೆ, ಅವಳನ್ನು ಪೀಡಿಸುವುದಿಲ್ಲ. ವಿಷ್ಣುವರ್ಧನ್ ಅಳುವುದನ್ನು ನೋಡಲು ಗಂಡಸರಿಗೆ ಸಂಕೋಚವಾಗದ ಚಿತ್ರ ಅದು. ಗೀಳು ಎಂದರೇನೆಂದು ನೋಡಬೇಕಿದ್ದರೆ 1997ರ ‘ಅಮೃತವರ್ಷಿಣಿ’. ಪ್ರೀತಿಯ ಹೆಸರಿನಲ್ಲಿ ಒಬ್ಬ ಎಲ್ಲಿಯವರೆಗೆ ಹೋಗಬಲ್ಲ ಎಂಬುದನ್ನು ರಮೇಶ್ ಅರವಿಂದ್ ಪಾತ್ರದ ಮೂಲಕ ತೋರಿಸುತ್ತದೆ, ಆದರೆ ಅವನನ್ನು ಒಮ್ಮೆಯೂ ಮೆರೆಸುವುದಿಲ್ಲ. ಥ್ರಿಲ್ಲರ್ ಬೇಕು ಎನ್ನುವವರ ಜೊತೆ ನೋಡಲು ಇದಕ್ಕಿಂತ ಒಳ್ಳೆಯದು ಬೇಡ.

ಮೂರನೆಯ ಪ್ರಶ್ನೆ: ಇವರಿಬ್ಬರೂ ಪರಸ್ಪರ ಮಾತಾಡುತ್ತಾರೆಯೇ? ಹಾಡಿನಲ್ಲಿ ಕುಣಿಯುವುದು, ಮಳೆಯಲ್ಲಿ ನೆನೆಯುವುದು ಲೆಕ್ಕಕ್ಕಿಲ್ಲ. ಒಬ್ಬರ ಮಾತಿನಿಂದ ಇನ್ನೊಬ್ಬರ ಅಭಿಪ್ರಾಯ ಬದಲಾಗಬೇಕು. 1989ರ ‘ವೆನ್ ಹ್ಯಾರಿ ಮೆಟ್ ಸ್ಯಾಲಿ’ ಪೂರ್ತಿ ಇಂಥ ವಾದವೇ. ಗಂಡು ಹೆಣ್ಣು ಬರೀ ಸ್ನೇಹಿತರಾಗಿರಲು ಸಾಧ್ಯವೇ ಎಂದು ಕಾರಿನಲ್ಲಿ ಶುರುವಾದ ಜಗಳ ಹನ್ನೆರಡು ವರ್ಷ ನಡೆಯುತ್ತದೆ. ನೋಡುತ್ತ ಕೂತವರೂ ಪಕ್ಷ ಹಿಡಿಯದೆ ಇರಲಾರರು. 2013ರ ‘ದಿ ಲಂಚ್‌ಬಾಕ್ಸ್’ನಲ್ಲಂತೂ ಪ್ರೇಮವೆಲ್ಲ ಚೀಟಿಗಳಲ್ಲೇ. ತಪ್ಪು ವಿಳಾಸಕ್ಕೆ ಹೋದ ಊಟದ ಡಬ್ಬಿಯಲ್ಲಿ ಇರ್ಫಾನ್ ಖಾನ್ ಮತ್ತು ನಿಮ್ರತ್ ಕೌರ್ ಪಾತ್ರಗಳು ಪರಸ್ಪರ ಮುಖ ನೋಡದೆ ಬರೆದುಕೊಳ್ಳುತ್ತವೆ.

ಮೂರರಲ್ಲಿ ಎರಡಕ್ಕೆ ‘ಹೌದು, ಸರಿಯಿದೆ’ ಎಂದು ಬಂದರೆ ಚಿತ್ರ ಹಾಕಿ. ಎರಡನೆಯ ಪ್ರಶ್ನೆಯಲ್ಲಿ ಸೋತರೆ ಉಳಿದೆರಡು ಗೆದ್ದರೂ ಬೇಡ.

ಅಡ್ಡದಾರಿಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ‘ಜೋಡಿಗಳು ನೋಡಲೇಬೇಕಾದ ಟಾಪ್ 10’ ಪಟ್ಟಿಗಳನ್ನು ನಂಬಬೇಡಿ. ಒಂದು ಪಟ್ಟಿ ಇನ್ನೊಂದರ ನಕಲು. ಆ್ಯಪ್ ತೋರಿಸುವ ‘ನಿಮಗಾಗಿ’ ಸಾಲು ಒಬ್ಬರ ಖಾತೆ ನೋಡಿ ಆಯ್ದದ್ದು, ಪಕ್ಕದಲ್ಲಿ ಕೂತವರ ಬಗ್ಗೆ ಅದಕ್ಕೇನೂ ಗೊತ್ತಿಲ್ಲ. ಟ್ರೈಲರ್ ನೋಡಲೇಬೇಡಿ, ಈಗಿನ ಟ್ರೈಲರ್‌ಗಳು ಅರ್ಧ ಕಥೆ ಹೇಳಿ ಮುಗಿಸುತ್ತವೆ. ಸಾರಾಂಶದ ಎರಡನೆಯ ಸಾಲಿಗೇ ಓದುವುದನ್ನು ನಿಲ್ಲಿಸಿ.

ಹಂತ 3: ಮೊದಲ ಚಿತ್ರ ಚಿಕ್ಕದಿರಲಿ

ಸುಮಾರು ನೂರು ನಿಮಿಷದ ಚಿತ್ರದಿಂದ ಶುರು ಮಾಡಿ. ‘ಕಾಸಾಬ್ಲಾಂಕಾ’, ‘ಗ್ರೌಂಡ್‌ಹಾಗ್ ಡೇ’, ‘ವೆನ್ ಹ್ಯಾರಿ ಮೆಟ್ ಸ್ಯಾಲಿ’ ಮೂರೂ ಆ ಅಳತೆಯವು. ಮೂರು ಗಂಟೆ ದಾಟುವ ‘ಟೈಟಾನಿಕ್’ ಅನ್ನು ಮೊದಲ ದಿನವೇ ಹಾಕಿಕೊಂಡು ಕೂರಬೇಡಿ. ಹಡಗು ಮುಳುಗುವ ಭಾಗಕ್ಕೆ ಕಾಯುತ್ತಿರುವವರು ಅದಕ್ಕೂ ಮೊದಲೇ ಮಲಗಿರುತ್ತಾರೆ.

ಹಳೆಯ ಚಿತ್ರ ಎಂದರೆ ಮೂಗು ಮುರಿಯುವವರಿಗೆ 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಹಾಕಿ. ಉತ್ತಮ ಚಿತ್ರ, ನಿರ್ದೇಶಕ, ನಟ, ನಟಿ, ಚಿತ್ರಕಥೆ, ಈ ಐದೂ ಆಸ್ಕರ್‌ಗಳನ್ನು ಮೊದಲ ಬಾರಿಗೆ ಒಟ್ಟಿಗೆ ಗೆದ್ದ ಚಿತ್ರ ಅದು. ಕೆಲಸ ಕಳೆದುಕೊಂಡ ವರದಿಗಾರ, ಮನೆ ಬಿಟ್ಟು ಬಂದ ಶ್ರೀಮಂತರ ಮಗಳು, ಒಂದೇ ಬಸ್ಸು. ರಾತ್ರಿ ಒಂದೇ ಕೋಣೆಯಲ್ಲಿ ಉಳಿಯಬೇಕಾದಾಗ ಎರಡು ಮಂಚಗಳ ನಡುವೆ ಹಗ್ಗ ಕಟ್ಟಿ ಅವನು ಕಂಬಳಿ ಇಳಿಬಿಡುತ್ತಾನೆ. ಆ ಕಂಬಳಿಯ ಎರಡು ಬದಿಯಲ್ಲಿ ನಡೆಯುವ ಮಾತುಕತೆಯಲ್ಲಿರುವ ಬಿಸಿ ಇಂದಿನ ಎಷ್ಟೋ ಚಿತ್ರಗಳ ಮಂಚದ ದೃಶ್ಯಗಳಲ್ಲಿಲ್ಲ. ಮುಂದೊಂದು ದಿನ ರಸ್ತೆಬದಿಯಲ್ಲಿ ಹೆಬ್ಬೆರಳು ತೋರಿಸಿ ಕಾರು ನಿಲ್ಲಿಸುವ ವಿದ್ಯೆಯ ಬಗ್ಗೆ ಅವನು ಉದ್ದದ ಪಾಠ ಮಾಡುತ್ತಾನೆ, ಒಂದೂ ಕಾರು ನಿಲ್ಲುವುದಿಲ್ಲ. ಅವಳು ಲಂಗದ ಅಂಚು ಸ್ವಲ್ಪ ಎತ್ತುತ್ತಾಳೆ, ಮುಂದಿನ ಕಾರಿಗೇ ಬ್ರೇಕು. ಸೋತವನು ನಗುತ್ತ ಸೋಲುವುದನ್ನು ಗಂಡಸರೂ ಖುಷಿಯಿಂದ ನೋಡುತ್ತಾರೆ.

ಹಂತ 4: ಟಿವಿಯನ್ನು ಸರಿಪಡಿಸಿ

ಸೆಟ್ಟಿಂಗ್‌ಗೆ ಹೋಗಿ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಕಂಪನಿಗಳು ಅದಕ್ಕೆ ಟ್ರೂಮೋಷನ್, ಮೋಷನ್‌ಫ್ಲೋ ಎಂದೆಲ್ಲ ಹೆಸರಿಟ್ಟಿವೆ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಫ್ರೇಮ್. ಟಿವಿ ನಡುವೆ ಇಲ್ಲದ ಫ್ರೇಮ್‌ಗಳನ್ನು ತಾನೇ ಸೃಷ್ಟಿಸಿ ತುರುಕುತ್ತದೆ, ಒಳ್ಳೆಯ ಚಿತ್ರವೂ ಧಾರಾವಾಹಿಯ ಥರ ಕಾಣುತ್ತದೆ. ಇಂಥದ್ದನ್ನು ತಾನೇ ಆಫ್ ಮಾಡುವ ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನೇ ಹಾಕಿ. ಹಳೆಯ ಚಿತ್ರದ ಎರಡು ಬದಿಗೆ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಪರದೆ ತುಂಬಿಸಲು ಎಳೆದು ಹಿಗ್ಗಿಸಿದರೆ ಇಂಗ್ರಿಡ್ ಬರ್ಗ್‌ಮನ್ ಮುಖ ಚಪ್ಪಟೆಯಾಗುತ್ತದೆ. ‘ಕಾಸಾಬ್ಲಾಂಕಾ’ಕ್ಕೆ ಯಾರೋ ಬಣ್ಣ ಹಚ್ಚಿದ ಆವೃತ್ತಿಯೂ ಇದೆ, ಅದನ್ನು ಮುಟ್ಟಬೇಡಿ. ಡಬ್ಬಿಂಗ್ ಬೇಡ, ಸಬ್‌ಟೈಟಲ್ ಇರಲಿ.

ಹಂತ 5: ನೋಡುವಾಗ ಬಾಯಿ ಮುಚ್ಚಿ

ಮೊದಲೇ ನೋಡಿದವರು ‘ಈಗ ಬರುತ್ತೆ ನೋಡು’ ಎನ್ನಬಾರದು. ಪಕ್ಕದವರು ಅತ್ತರೆ ತಿರುಗಿ ನೋಡಬಾರದು, ನಗಲೂಬಾರದು. ಅತ್ತದ್ದಕ್ಕೆ ಒಮ್ಮೆ ನಗೆಪಾಟಲಾದ ಗಂಡಸು ಇನ್ನೊಂದು ಪ್ರೇಮಚಿತ್ರಕ್ಕೆ ಕೂರುವುದಿಲ್ಲ.

ಹಂತ 6: ಮುಗಿದ ಮೇಲೆ

‘ಹೇಗಿತ್ತು?’ ಎಂದು ಕೇಳಿದರೆ ‘ಪರವಾಗಿಲ್ಲ’ ಎಂದಷ್ಟೇ ಉತ್ತರ ಬರುತ್ತದೆ. ‘ಅವಳು ಮಾಡಿದ್ದು ಸರಿಯಾ?’ ಎಂದು ಕೇಳಿ, ಮಾತು ಬೆಳೆಯುತ್ತದೆ. ‘ಕಾಸಾಬ್ಲಾಂಕಾ’ ಮುಗಿದ ಮೇಲೆ ಕೊನೆಯ ತೀರ್ಮಾನ ಮಾಡುವ ಹಕ್ಕು ರಿಕ್‌ಗೆ ಇತ್ತೇ ಎಂದು ಕೇಳಿ ನೋಡಿ, ಟಿವಿ ಆರಿಸುವುದು ಮರೆತುಹೋಗುತ್ತದೆ.

ಇಷ್ಟೆಲ್ಲ ಹದವಾದ ಮೇಲೆ ನಿರ್ದೇಶಕ ರಿಚರ್ಡ್ ಲಿಂಕ್ಲೇಟರ್‌ನ ಮೂರು ಚಿತ್ರಗಳಿಗೆ ಬನ್ನಿ. ಅವಸರ ಬೇಡ, ಕಥೆಗಿಂತ ಮಾತೇ ಹೆಚ್ಚಿರುವುದರಿಂದ ಮೊದಲ ದಿನವೇ ಹಾಕಿದರೆ ಕೆಲವರಿಗೆ ರುಚಿಸುವುದಿಲ್ಲ. 1995ರ ‘ಬಿಫೋರ್ ಸನ್‌ರೈಸ್’ನಲ್ಲಿ ರೈಲಿನಲ್ಲಿ ಪರಿಚಯವಾದ ಇಬ್ಬರು ವಿಯೆನ್ನಾದಲ್ಲಿ ಇಳಿದು ಒಂದು ರಾತ್ರಿ ಸುತ್ತುತ್ತಾರೆ. ರೆಕಾರ್ಡ್ ಅಂಗಡಿಯ ಇಕ್ಕಟ್ಟಾದ ಕೋಣೆಯಲ್ಲಿ ನಿಂತು ಹಾಡು ಕೇಳುವಾಗ ಅವಳು ನೋಡಿದರೆ ಅವನು ಬೇರೆ ಕಡೆ ನೋಡುತ್ತಾನೆ, ಅವನು ನೋಡಿದರೆ ಅವಳು. ಒಂದು ಮಾತಿಲ್ಲ, ಕ್ಯಾಮೆರಾ ಕದಲುವುದಿಲ್ಲ. ಇಷ್ಟವಾದರೆ 2004ರ ‘ಬಿಫೋರ್ ಸನ್‌ಸೆಟ್’ ಅನ್ನು ಅದೇ ರಾತ್ರಿ ಹಾಕಬೇಡಿ, ಕೆಲವು ವಾರ ಬಿಡಿ. ಪಾತ್ರಗಳ ನಡುವೆ ಒಂಬತ್ತು ವರ್ಷ ಕಳೆದಿದೆ, ನಿಮಗೂ ಸ್ವಲ್ಪ ಅಂತರ ಬೇಕು. 2013ರ ‘ಬಿಫೋರ್ ಮಿಡ್‌ನೈಟ್’ನಲ್ಲಿ ಹೋಟೆಲ್ ಕೋಣೆಯ ಉದ್ದನೆಯ ಜಗಳವೊಂದಿದೆ. ಒಟ್ಟಿಗೆ ಕೆಲವು ವರ್ಷ ಬಾಳಿದವರು ಮಾತ್ರ ಅದನ್ನು ಹಾಕಿ, ಮತ್ತು ಆ ದಿನ ನಿಮ್ಮಿಬ್ಬರ ನಡುವೆ ಯಾವ ಜಗಳವೂ ಬಾಕಿ ಇಲ್ಲದಿರಲಿ.